ಹಾಸಿಗೆ ಕಾರ್ಖಾನೆ ಇದ್ದಲ್ಲಿಂದ

ಈಸ್ಟರಿಗೆ ಮುಂಚಿನ ಪವಿತ್ರ ವಾರದ ಬುಧವಾರ ಬೆಳಿಗ್ಗೆ ಹತ್ತು ಗಂಟೆಗೇ ರಾಜಧಾನಿ ಮನಾಗುವಾ ಅರ್ಧ ಖಾಲಿಯಾಗಿತ್ತು. ಊರಿಗೆ ಊರೇ ಸಮುದ್ರದ ಕಡೆ ಹೊರಟುಹೋಗಿದೆ, ತಾನೊಬ್ಬ ಮಾತ್ರ ಇಲ್ಲಿ ಉಳಿದುಕೊಂಡಿದ್ದೇನೆ ಎಂದು ಎವೆನೋರ್ ಸೆಲೆದೋನನಿಗೆ ಅನ್ನಿಸಿತು. ಪಕ್ಕದಲ್ಲಿ ಲಾರಿ ಓಡಿಸುತ್ತಿದ್ದ ತೊರೀಬಿಯೊ ಕೂಡ ಉಳಿದಿದ್ದಾನಲ್ಲ, ಅದೂ ತನ್ನಿಂದಾಗಿ ಉಳಿದಿದ್ದಾನಲ್ಲ ಎನ್ನುವುದನ್ನು ಮನಸ್ಸು ಬೇಕೆಂದೇ ಮರೆಯುತ್ತಿತ್ತು. ಹಿಂದೆ ಆಮ್ಲಜನಕದ ದೊಡ್ಡ ಸಿಲಿಂಡರು ರಸ್ತೆಯ ಗುಂಡಿ ಬಂದಾಗಲೆಲ್ಲ ಸರಪಳಿಗೆ ಬಡಿದು ಸದ್ದು ಮಾಡುತ್ತಿತ್ತು. ಎವೆನೋರನ ತೊಡೆಯ ಮೇಲೊಂದು ಹಾಳೆ, ಅದರಲ್ಲಿ ಒಂದೇ ಒಂದು ಸಾಲು. ಮೆಲ್ಬಾ ತಿಹೆರೀನೊ, ಅರವತ್ತಾರು ವರ್ಷ, ಶ್ವಾಸಕೋಶ, ಮೂರು ದಿನಕ್ಕೊಂದು ಸಿಲಿಂಡರು. ಮೊದಲನೆಯದನ್ನು ಶನಿವಾರ ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಮನೆಯವರೇ ಒಯ್ದಿದ್ದರು. ಅಂದರೆ ಮಂಗಳವಾರಕ್ಕೆ ಮುಗಿಯಬೇಕು. ಜಿಪುಣತನದಿಂದ ಬಳಸಿದರೆ ಬುಧವಾರದ ಬೆಳಗಿನವರೆಗೆ ಬರಬಹುದು. ಹೆಸರಿನ ಮುಂದೆ ಒಂದು ಫೋನ್ ನಂಬರಿತ್ತು. ನಿನ್ನೆಯಿಂದ ಮೂವತ್ತು ಸಲವಾದರೂ ಅದಕ್ಕೆ ಹಚ್ಚಿ, ಸ್ವಿಚ್ ಆಫ್ ಆಗಿದೆ ಎನ್ನುವ ಹೆಣ್ಣುದನಿಯನ್ನು ಕೇಳಿ ಕೇಳಿ ಅವನಿಗೆ ಆ ದನಿಯ ಮೇಲೇ ಸಿಟ್ಟು ಬಂದಿತ್ತು. ನಂಬರಿನ ಮುಂದೆ ವಿಳಾಸದ ಜಾಗ. ಅಲ್ಲಿ ಏನೂ ಇರಲಿಲ್ಲ.

"ಪ್ರಿಂಟರಿಗೆ ಹೇಗಿದೆ ಈಗ, ಇಂಜಿನಿಯರ್ರೇ?" ಎಂದ ತೊರೀಬಿಯೊ, ರಸ್ತೆಯಿಂದ ಕಣ್ಣು ತೆಗೆಯದೆ. "ಜ್ವರ ಇಳೀತಾ?"

ಎವೆನೋರ್ ಹಾಳೆಯನ್ನು ಮಡಚಿ ಮತ್ತೆ ಬಿಡಿಸಿದ. ನಿನ್ನೆ ಸಂಜೆ ಕಚೇರಿಯ ಪಡಸಾಲೆಯಲ್ಲಿ ನಡೆದದ್ದಕ್ಕೆ ಈ ಮುದುಕ ಇನ್ನೆಷ್ಟು ದಿನ ಬಡ್ಡಿ ಹಾಕುತ್ತಾನೋ. ಹಾಕಲಿ, ಹಾಕಬೇಕಾದ್ದೇ. ಎಲ್ಲರೂ ರಜೆಗೆ ಹೊರಡುವ ಹೊತ್ತಿನಲ್ಲಿ ದೋನ್ಯಾ ಇಲೆಯಾನಾ, ಸಿಲಿಂಡರು ಹಂಚುವ ಈ ಸಂಸ್ಥೆಯನ್ನು ಹದಿನೈದು ವರ್ಷದಿಂದ ನಡೆಸುತ್ತಿರುವ ಹೆಂಗಸು, ಎಲ್ಲರೆದುರಿಗೇ ಕೇಳಿದ್ದಳು: "ತೊರೀಬಿಯೊ, ಹೊಸ ಪೇಷಂಟು ಒಬ್ಬರು ಬಿಟ್ಟುಹೋಗಿದಾರೆ. ಸಮುದ್ರ ಕರೀತಿತ್ತೇನೋ ನಿನ್ನ?" ಯಾರೋ ನಕ್ಕರು. ತೊರೀಬಿಯೊ, "ಹಾಳೇಲಿ ವಿಳಾಸಾನೇ ಇರ್ಲಿಲ್ಲ ದೋನ್ಯಾ, ನಾನೇನು ಮೂಸಿಕೊಂಡು ಹೋಗ್ಲಾ?" ಎಂದಿದ್ದ. ಆಗ ಅವಳು ಎವೆನೋರನ ಕಡೆ ತಿರುಗಿ, "ಹೌದಾ?" ಎಂದಿದ್ದಳು. ಅವನ ಕೈಯಲ್ಲಿ ಕಾಫಿಯ ಲೋಟವಿತ್ತು. ಕಾಫಿ ಬಿಸಿಯಾಗಿದೆಯೆಂದು ನಟಿಸುತ್ತ, ಊದುತ್ತ, "ಪ್ರಿಂಟರು ಆಗಾಗ ಹಾಗೆ ಮಾಡುತ್ತೆ, ನೋಡ್ತೀನಿ" ಎಂದುಬಿಟ್ಟ. ಆ ಮಾತು ತನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಆಶ್ಚರ್ಯವಾಯಿತು. "ಪ್ರಿಂಟರು ಬಿಟ್ಟಿದ್ರೆ ಫೋನ್ ಮಾಡಿ ಕೇಳೋಕೆ ನಿನಗೇನಾಗಿತ್ತು?" ಎಂದು ಅವಳು ಮತ್ತೆ ತೊರೀಬಿಯೊನ ಮೇಲೇ ಹರಿಹಾಯ್ದಳು. ತೊರೀಬಿಯೊ ಬಯ್ಗುಳ ತಿಂದ. ತಿನ್ನುತ್ತ ಎವೆನೋರನನ್ನೇ ನೋಡಿದ. ಅರವತ್ತೊಂದು ವರ್ಷದ ಮನುಷ್ಯ, ಮೊಮ್ಮಕ್ಕಳಿರುವವನು.

ಪ್ರಿಂಟರಿನ ತಪ್ಪು ಏನೂ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಅಚ್ಚು ಮಾಡಿತ್ತು. ಅಲ್ಲಿ ಏನೂ ಇರಲಿಲ್ಲ, ಅಷ್ಟೆ.

ಎಲ್ಲಕ್ಕೂ ಮೂಲ ಒಂದು ನಗು. ಮೂರು ವಾರದ ಹಿಂದೆ ಹಣ ಕೊಡುವ ಸಂಸ್ಥೆಯವರು ಸ್ಪೇನಿನಿಂದ ಒಬ್ಬನನ್ನು ತಪಾಸಣೆಗೆ ಕಳಿಸಿದ್ದರು. ಇಸ್ತ್ರಿ ಮಾಡಿದ ನೀಲಿ ಅಂಗಿ, ಸಭ್ಯ ಮನುಷ್ಯ. ಗೋಡೆಯ ಮೇಲೆ ರೋಗಿಗಳ ಪಟ್ಟಿ ಬೀಳಿಸಿ ತೋರಿಸುವಾಗ ಅವನು ಒಂದು ಸಾಲಿಗೆ ಬಂದು ನಿಂತ. 'ಮಾವಿನ ಮರ ಇದ್ದಲ್ಲಿಂದ ಒಂದು ಬೀದಿ ಕೆಳಕ್ಕೆ, ಇಪ್ಪತ್ತು ಗಜ ಸರೋವರದ ಕಡೆಗೆ, ನಾಯಿ ಇರುವ ಮನೆ.' ಮರ ಇದೆಯೇ ಎಂದು ಕೇಳಿದ. ಇಲ್ಲ, ಬಿದ್ದುಹೋಗಿದೆ ಎಂದರು. ನಾಯಿ? ಗೊತ್ತಿಲ್ಲ ಎಂದರು. ಅವನು ನಕ್ಕ, ಕೆಟ್ಟ ನಗುವೇನಲ್ಲ. ದೋನ್ಯಾ ಇಲೆಯಾನಾ ಕೂಡ ನಕ್ಕಳು. ಎಲ್ಲರಿಗಿಂತ ಜೋರಾಗಿ ನಕ್ಕವನು ಎವೆನೋರ್. ತಾನು ಹುಟ್ಟಿ ಬೆಳೆದ ಮನೆಗೆ ಅಂಚೆಯವನು ಮೂವತ್ತೆಂಟು ವರ್ಷದಿಂದ ಬರುತ್ತಿದ್ದದ್ದೇ 'ನೀರಿನ ಟ್ಯಾಂಕು ಇದ್ದಲ್ಲಿಂದ' ಎಂದು. ಆ ಟ್ಯಾಂಕನ್ನು ತಾನಾಗಲಿ ಆ ಅಂಚೆಯವನಾಗಲಿ ಕಣ್ಣಲ್ಲಿ ಕಂಡವರಲ್ಲ. ಆದರೂ ನಕ್ಕ. ಕಾಲಂಗೆ 'ಗುರುತು' ಅಂತ ಯಾಕೆ ಹೆಸರಿಟ್ಟಿದ್ದೀರಿ, 'ವಿಳಾಸ' ಅಂತಲ್ಲವೇ ಇರಬೇಕು ಎಂದು ಆ ಮನುಷ್ಯ ಕೇಳಿದಾಗ, "ಹಳೇಕಾಲದವರು ಬರೆದದ್ದು, ಬದಲಾಯಿಸ್ತೀವಿ" ಎಂದು ಹೇಳಿದ. ಬರೆದವನು ಅವನೇ. ಒಂಬತ್ತು ವರ್ಷದ ಹಿಂದೆ, ಸಂಸ್ಥೆಯ ಕಂಪ್ಯೂಟರ್ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಜನ ಹೇಗೆ ಹೇಳುತ್ತಾರೋ ಹಾಗೇ ಇರಲಿ ಎಂದು ಪ್ರೀತಿಯಿಂದ ಇಟ್ಟ ಹೆಸರು. ಆ ನಗುವಿನ ದಿನದಿಂದ ಕೋಡ್ ತೆರೆದಾಗಲೆಲ್ಲ ಆ ಪದ ಕಣ್ಣಿಗೆ ಕಸ ಬಿದ್ದಂತೆ ಚುಚ್ಚತೊಡಗಿತು. ಯಾವ ಕೆಲಸಕ್ಕೂ ಅಡ್ಡಿಯಾಗದ ಪದ. ಬದಲಾಯಿಸದಿದ್ದರೆ ಜಗತ್ತಿಗೆ ಏನೂ ನಷ್ಟವಾಗುತ್ತಿರಲಿಲ್ಲ.

ಸೋಮವಾರ ಮಧ್ಯಾಹ್ನ ಕೋಡಿನಲ್ಲಿ 'ಗುರುತು' ಇದ್ದ ಕಡೆಯೆಲ್ಲ 'ವಿಳಾಸ' ಎಂದು ತಿದ್ದಿದ. ಕೋಡ್ ಒಂದು ಕಡೆ, ರೋಗಿಗಳ ಹೆಸರುಗಳಿರುವ ಡೇಟಾಬೇಸ್ ಇನ್ನೊಂದು ಕಡೆ. ನಡುವೆ ಇವನ ಮಾತನ್ನು ಅದಕ್ಕೆ, ಅದರದ್ದನ್ನು ಇವನಿಗೆ ಹೇಳುವ ಒಂದು ಸಾಧನ. ಒಂಬತ್ತು ವರ್ಷದಲ್ಲಿ ಅವನು ಡೇಟಾಬೇಸಿನ ಜೊತೆ ನೇರ ಮಾತಾಡುವುದನ್ನೇ ಬಿಟ್ಟಿದ್ದ. ಕೋಡಿನಲ್ಲಿ ಏನು ಬದಲಾಗಿದೆ ಎಂದು ನೋಡಿ, ಅದಕ್ಕೆ ತಕ್ಕ ಹಾಗೆ ಕೋಷ್ಟಕವನ್ನು ಬದಲಾಯಿಸುವ ಆದೇಶವನ್ನು ಆ ಸಾಧನವೇ ಬರೆಯುತ್ತಿತ್ತು. ಬರೆಯುವ ಮುಂಚೆ ಒಂದು ಪ್ರಶ್ನೆ ಕೇಳಿತು: 'ಗುರುತು' ಎಂಬುದರ ಹೆಸರನ್ನೇ 'ವಿಳಾಸ' ಎಂದು ಬದಲಾಯಿಸಿದಿರಾ? ಹೌದು, ಇಲ್ಲ. ಸುಮ್ಮನೆ ಗುಂಡಿ ಒತ್ತಿದರೆ ಇಲ್ಲ ಎಂದೇ ಅರ್ಥ. ಆ ಹೊತ್ತಿಗೆ ಯಾರೋ ಚೀಸಿನ ಸೂಪು ಬಂದಿದೆ, ಜೊತೆಗಿನ ರೊಸ್ಕೀಯಾ ಬಿಸ್ಕತ್ತು ಮುಗಿಯುವುದರೊಳಗೆ ಬನ್ನಿ ಎಂದು ಒಳಗಿನಿಂದ ಕೂಗಿದರು. ಅವನು ಗುಂಡಿ ಒತ್ತಿದ. ಹೆಸರು ಬದಲಾಯಿಸಿಲ್ಲವಾದರೆ ಹಳೆಯದು ಬೇಡವಾಗಿದೆ, ಹೊಸದೊಂದು ಬೇಕಾಗಿದೆ ಎಂದು ಸಾಧನ ಅರ್ಥ ಮಾಡಿಕೊಂಡಿತು. ಎರಡೇ ಸಾಲಿನ ಆದೇಶ ಬರೆಯಿತು. 'ಗುರುತು' ತೆಗೆ. 'ವಿಳಾಸ' ಸೇರಿಸು. ಆ ಎರಡು ಸಾಲನ್ನು ಅವನು ಓದಿದ. ಓದಿದ್ದು ನೆನಪಿದೆ. ಓದಿ, ಸರಿಯಾಗಿದೆ ಎಂದುಕೊಂಡ. ತನ್ನ ಯಂತ್ರದಲ್ಲಿ ಪರೀಕ್ಷೆ ಮಾಡಿದ, ಅಲ್ಲಿ ಇದ್ದದ್ದು ಸುಳ್ಳು ಹೆಸರಿನ ನಾಲ್ವರು ರೋಗಿಗಳು, ಅವರಿಗೆ ಮೊದಲಿಂದಲೂ ಮನೆಯಿರಲಿಲ್ಲ. ಆಮೇಲೆ ನಿಜವಾದದ್ದರ ಮೇಲೆ ಹರಿಸಿ ಊಟಕ್ಕೆ ಹೋದ. ಸೂಪು ಚೆನ್ನಾಗಿತ್ತು, ಎರಡನೇ ಸಲ ಹಾಕಿಸಿಕೊಂಡ.

ಮಂಗಳವಾರ ಬೆಳಿಗ್ಗೆ ಹಾಳೆ ನೋಡಿದಾಗ ಕಾಲಿನ ಕೆಳಗಿನ ನೆಲ ಸರಿದಂತಾಯಿತು ಎಂದರೆ ಸುಳ್ಳು. ಏನೂ ಆಗಲಿಲ್ಲ. ಇದು ಬೇರೆ ಯಾರಿಗೋ ಆಗಿದೆ ಎಂಬಂತೆ ತಣ್ಣಗೆ ಕುಳಿತು, ಮಾಡಿದ್ದನ್ನು ಹಿಂದಕ್ಕೆ ತಿರುಗಿಸುವ ಆದೇಶ ಕೊಟ್ಟ. ಸಾಧನ ವಿಧೇಯವಾಗಿ ಹಿಂದಕ್ಕೆ ಹೋಯಿತು. 'ಗುರುತು' ಕಾಲಂ ಮರಳಿ ಬಂತು, ಅದೇ ಹೆಸರು, ಅದೇ ಅಗಲ, ಒಳಗೆ ಮಾತ್ರ ಏನೂ ಇಲ್ಲ. ಬ್ಯಾಕಪ್ಪು ನೋಡಿದರೆ ಡಿಸ್ಕ್ ತುಂಬಿ ಹತ್ತೊಂಬತ್ತು ದಿನದಿಂದ ಅದು ನಿಂತುಹೋಗಿತ್ತು. ದಿನವೂ ಎಚ್ಚರಿಕೆಯ ಪತ್ರ ಬರುತ್ತಿತ್ತು, ದಿನವೂ ಅವನು ಓದದೆ ಒಂದು ಮೂಲೆಗೆ ತಳ್ಳುತ್ತಿದ್ದ. ಹತ್ತೊಂಬತ್ತು ದಿನದ ಹಿಂದಿನವರೆಲ್ಲ ಮರಳಿ ಬಂದರು. ಆಮೇಲೆ ಸೇರಿದವರು ಹನ್ನೊಂದು ಜನ. ಹತ್ತು ಜನರ ಮನೆಗೆ ತೊರೀಬಿಯೊ ಈಗಾಗಲೇ ಹೋಗಿದ್ದ. ಲಾರಿಯ ಬಾಗಿಲಿಗೆ ಒರಗಿಕೊಂಡು ಒಂದೊಂದನ್ನೂ ಗಿಳಿಪಾಠದ ಹಾಗೆ ಒಪ್ಪಿಸಿದ, ಎವೆನೋರ್ ಬರೆದುಕೊಂಡ. ಯಾಕೆ ಕೇಳುತ್ತಿದ್ದೀರಿ ಎಂದು ತೊರೀಬಿಯೊ ಕೇಳಲಿಲ್ಲ. ಹನ್ನೊಂದನೆಯವಳು ಶನಿವಾರ ಸೇರಿದ ಮೆಲ್ಬಾ. ಆಸ್ಪತ್ರೆಯ ಕಡತದ ಕೋಣೆಗೆ ಬೀಗ ಬಿದ್ದಿತ್ತು, ಕಾವಲುಗಾರ ಸೋಮವಾರ ಬನ್ನಿ ಎಂದ. ಶನಿವಾರ ಸಂಸ್ಥೆಯ ಕೌಂಟರಿನಲ್ಲಿ ಕೂತಿದ್ದ ಹುಡುಗಿ ಫೋನಿನಲ್ಲಿ, ಅಲೆಗಳ ಸದ್ದಿನ ನಡುವಿನಿಂದ, "ದಿನಕ್ಕೆ ನಲವತ್ತು ರಸೀದಿ ಟೈಪ್ ಮಾಡ್ತೀನಿ, ಒಂದು ವಿಳಾಸ ಎಲ್ಲಿ ನೆನಪಿಟ್ಕೊಳ್ಳಲಿ?" ಎಂದಳು. ಮೊದಲು ಚೀಟಿಯಲ್ಲಿ ಬರೆದಿಡುತ್ತಿದ್ದರು. ಚೀಟಿ ಯಾಕೆ, ನೇರ ಕಂಪ್ಯೂಟರಿಗೇ ಹಾಕಿ ಎಂದು ಅದನ್ನು ನಿಲ್ಲಿಸಿದವನೂ ಎವೆನೋರನೇ.

ಉಳಿದದ್ದು ಅವನ ತಲೆಯೊಳಗಿದ್ದದ್ದು ಮಾತ್ರ. ಸೋಮವಾರ ಆದೇಶ ಹರಿಸುವ ಮುಂಚೆ ಪಟ್ಟಿಯನ್ನು ಒಮ್ಮೆ ತೆರೆದಿದ್ದ, ಹೊಸಬರು ಮೇಲೆ ಬರುತ್ತಾರೆ, ಹಾಗಾಗಿ ಎಲ್ಲಕ್ಕೂ ಮೇಲಿದ್ದದ್ದು ಅವಳ ಸಾಲು. ಹಾಸಿಗೆ ಕಾರ್ಖಾನೆ ಇದ್ದಲ್ಲಿಂದ. ಇಷ್ಟು ಖಚಿತ. ಆಮೇಲೆ ಸರೋವರದ ಕಡೆಗೆ ಎರಡು ಬೀದಿಯೋ ಮೂರೋ. ಆಮೇಲೆ ಮೇಲಕ್ಕೋ ಕೆಳಕ್ಕೋ, ಅಂದರೆ ಸೂರ್ಯ ಹುಟ್ಟುವ ಕಡೆಗೋ ಮುಳುಗುವ ಕಡೆಗೋ. ಕೊನೆಗೆ ಒಂದು ಗೇಟು, ಅದಕ್ಕೊಂದು ಬಣ್ಣ. ಕಣ್ಣು ಮುಚ್ಚಿದರೆ ಆ ಸಾಲು ಪೂರ್ತಿ ಕಾಣುತ್ತಿತ್ತು, ಓದಲು ಹೋದರೆ ಅಕ್ಷರ ಸರಿಯುತ್ತಿತ್ತು. ರಾತ್ರಿ ಹೆಂಡತಿ, "ನಿದ್ದೇಲಿ ಬೀದಿ ಎಣಿಸ್ತಿದೀಯಲ್ಲ" ಎಂದಿದ್ದಳು. ಅವಳಿಗೂ ಹೇಳಲಿಲ್ಲ.

"ಯಾವ ಹಾಸಿಗೆ ಕಾರ್ಖಾನೆ?" ಎಂದ ತೊರೀಬಿಯೊ ಇದ್ದಕ್ಕಿದ್ದಂತೆ.

"ಹೆದ್ದಾರಿ ಹತ್ರದ್ದು. ಸುಟ್ಟು ಹೋಯ್ತಲ್ಲ, ಯುದ್ಧದ ಕಾಲದಲ್ಲಿ."

"ಸರಿ, ಸರಿ. ನೀವು ಹೇಳಿದ ಹಾಗೆ."

ಸುಟ್ಟ ಕಾರ್ಖಾನೆಯ ಜಾಗದಲ್ಲಿ ಈಗ ಟೈರಿನ ಅಂಗಡಿ, ಅದಕ್ಕೂ ಬೀಗ. ಅಲ್ಲಿಂದ ಎರಡು ಬೀದಿ ಸರೋವರದ ಕಡೆಗೆ ಹೋಗಿ ಮೇಲಕ್ಕೆ ತಿರುಗಿದರು. ಮನೆಗಳೆಲ್ಲ ಮುಚ್ಚಿದ್ದವು. ಎವೆನೋರ್ ಇಳಿದು ಗೇಟು ಗೇಟು ಬಡಿದ. ಕಪ್ಪು ಗೇಟು, ಹಸಿರು ಗೇಟು, ಬಣ್ಣವೇ ಇಲ್ಲದ ಗೇಟು. ನಾಯಿಗಳು ಮಾತ್ರ ಉತ್ತರ ಕೊಟ್ಟವು. ಬೆವರಿಗೆ ಅಂಗಿ ಬೆನ್ನಿಗಂಟಿತು. ಮೂರನೇ ಬೀದಿಗೆ ಹೋದ, ಕೆಳಕ್ಕೆ ನಡೆದ, ಮತ್ತೆ ಮೇಲಕ್ಕೆ. ಯಾವನೋ ಒಬ್ಬ ಕಾರಿನ ಮೇಲೆ ಮಂಚ, ಛತ್ರಿ, ಐಸಿನ ಪೆಟ್ಟಿಗೆ ಕಟ್ಟುತ್ತಿದ್ದ. ಎವೆನೋರ್ ಅವನನ್ನು ಕೇಳಿದ.

"ಮೆಲ್ಬಾ ತಿಹೆರೀನೊ? ಇಲ್ಲಿ ಆ ಹೆಸರಿನೋರು ಯಾರೂ ಇಲ್ಲಪ್ಪ."

"ವಯಸ್ಸಾದವ್ರು, ಉಸಿರಿನ ತೊಂದ್ರೆ, ಆಕ್ಸಿಜನ್ ಇಟ್ಕೊಂಡಿದಾರೆ..."

"ವಿಳಾಸ ಇಲ್ದೆ ಆಕ್ಸಿಜನ್ ಮಾರೋಕೆ ಬಂದಿದೀರಾ?" ಆ ಮನುಷ್ಯ ಹಗ್ಗ ಬಿಗಿಯುತ್ತ ನಕ್ಕ. "ದೇವರೇ, ಈ ಊರಲ್ಲಿ ಇನ್ನೇನೇನು ನೋಡ್ಬೇಕೋ."

ಎವೆನೋರನೂ ನಕ್ಕ. ನಕ್ಕದ್ದು ಗೊತ್ತಾಗಿ, ಅವನ ಕಿವಿ ಬಿಸಿಯಾಯಿತು. ಇದೇನು ತನ್ನ ಚಾಳಿ? ತನ್ನನ್ನು ನೋಡಿ ಯಾರೇ ನಗಲಿ, ತಾನೂ ಅವರ ಜೊತೆ ಸೇರಿಕೊಳ್ಳುವುದು. ಶಾಲೆಯಲ್ಲಿ ಮೇಷ್ಟ್ರು ಅವನ ಹರಿದ ಬೂಟು ತೋರಿಸಿ ತಮಾಷೆ ಮಾಡಿದಾಗಲೂ ಎಲ್ಲರಿಗಿಂತ ಮೊದಲು ನಕ್ಕವನು ಅವನೇ. ಆ ಬೂಟು ಅಪ್ಪ ಹೊಲಿದದ್ದು. ಅಪ್ಪ ಆ ದಿನ ಬಾಗಿಲ ಹತ್ತಿರವೇ, ಬುತ್ತಿ ಕೊಡಲು ಬಂದವನು, ನಿಂತಿದ್ದ. ಇಬ್ಬರೂ ಆ ವಿಷಯವನ್ನು ಮುಂದೆಂದೂ ಎತ್ತಲಿಲ್ಲ. ಮೂಲೆಯಲ್ಲಿ ಲಾರಿಯ ಹಾರನ್ ಎರಡು ಸಲ ಕೇಳಿಸಿತು.

"ಹತ್ತಿ," ಎಂದ ತೊರೀಬಿಯೊ. "ಹುಡುಕೋಕೆ ಶುರು ಮಾಡಿ ಒಂದು ಗಂಟೆ ಆಯ್ತು. ಆಕೆಗೆ ವಯಸ್ಸೆಷ್ಟು ಅಂದ್ರಿ?"

"ಅರವತ್ತಾರು."

ತೊರೀಬಿಯೊ ಸ್ಟೇರಿಂಗಿನ ಮೇಲೆ ಅಂಗೈಯಿಂದ ಹೊಡೆದ. "ಮೊದ್ಲೇ ಕೇಳ್ಬೇಕಿತ್ತು ನಾನು. ನಿಮ್ಮ ಮೇಲಿನ ಸಿಟ್ಟಿಗೆ ಬಾಯ್ಮುಚ್ಕೊಂಡಿದ್ದೆ. ಅರವತ್ತಾರಾದ್ರೆ ಸುಟ್ಟಿದ್ದಲ್ಲ, ಬಿದ್ದಿದ್ದು. ಎಪ್ಪತ್ತೆರಡರ ಭೂಕಂಪಕ್ಕೆ ಮುಂಚೆ ಇನ್ನೊಂದು ಹಾಸಿಗೆ ಕಾರ್ಖಾನೆ ಇತ್ತು, ಹಳೇ ಊರಲ್ಲಿ. ನಮ್ಮ ವಯಸ್ಸಿನೋರಿಗೆ ಹಾಸಿಗೆ ಕಾರ್ಖಾನೆ ಅಂದ್ರೆ ಅದೇ."

ತಾನು ಹುಟ್ಟುವ ಏಳು ವರ್ಷ ಮುಂಚೆ ಬಿದ್ದ ಕಟ್ಟಡ. ಅಂಥದೊಂದು ಇತ್ತೆನ್ನುವುದೇ ಎವೆನೋರನಿಗೆ ಗೊತ್ತಿರಲಿಲ್ಲ. ಆದರೂ ಈ ಮುದುಕನನ್ನು ಒಂದು ಮಾತು ಕೇಳದೆ, ಹೆದ್ದಾರಿಯ ಹತ್ತಿರದ್ದು ಎಂದು ಎಷ್ಟು ಗಟ್ಟಿಯಾಗಿ ಹೇಳಿಬಿಟ್ಟ. ಲಾರಿ ಖಾಲಿ ರಸ್ತೆಯಲ್ಲಿ ವೇಗವಾಗಿ ಓಡಿತು. ಎಲ್ಲೋ ಒಂದು ಮನೆಯಿಂದ ಹಣ್ಣನ್ನು ಬೆಲ್ಲದ ಪಾಕದಲ್ಲಿ ಬೇಯಿಸುವ ವಾಸನೆ, ಪ್ರತಿ ಪವಿತ್ರ ವಾರದಲ್ಲೂ ಬರುವ ವಾಸನೆ, ಒಳಗೆ ಬಂದು ಹೋಯಿತು. ಒಂದು ಗಂಟೆ, ಒಂದು ಗಂಟೆ ಎಂದು ಅವನ ತಲೆ ಹೇಳುತ್ತಿತ್ತು. ಸಿಲಿಂಡರು ಮುಗಿದ ಮೇಲೆ ಇಂಥ ರೋಗಿ ಎಷ್ಟು ಹೊತ್ತು ಇರಬಲ್ಲಳು? ಒಂಬತ್ತು ವರ್ಷ ಇದೇ ಸಂಸ್ಥೆಯಲ್ಲಿದ್ದು ಅವನಿಗೆ ಅದು ಗೊತ್ತಿರಲಿಲ್ಲ, ಗೊತ್ತಿರಬೇಕಾದ ಅಗತ್ಯ ಬಂದಿರಲಿಲ್ಲ. ತೊರೀಬಿಯೊನಿಗೆ ಗೊತ್ತಿರುತ್ತದೆ. ಕೇಳಲು ಧೈರ್ಯವಾಗಲಿಲ್ಲ. "ದೊನ್ ತೊರೀಬಿಯೊ," ಎಂದ. "ನಿನ್ನೆ ಆ ಪ್ರಿಂಟರು..."

"ಗೊತ್ತು ಬಿಡಿ."

"ಇಲ್ಲ, ನಾನು ದೋನ್ಯಾ ಇಲೆಯಾನಾಗೆ ಹೇಳ್ತೀನಿ. ಸೋಮವಾರ."

"ಸೋಮವಾರ ಹೇಳೋದು ಸೋಮವಾರ. ಈಗ ಬಾಗಿಲು ನೋಡ್ತಾ ಬನ್ನಿ."

ಬಿದ್ದ ಕಾರ್ಖಾನೆಯ ಜಾಗ ಬರೀ ಬಯಲು, ಹುಲ್ಲು ಒಣಗಿತ್ತು. ತೊರೀಬಿಯೊ ಅದರ ಮುಂದೆ ಒಂದು ಕ್ಷಣ ನಿಧಾನಿಸಿದ, ಅಲ್ಲಿ ಗೋಡೆಗಳಿವೆ ಎಂಬಂತೆ ತಲೆಯೆತ್ತಿ ನೋಡಿದ, ಆಮೇಲೆ ಅನುಮಾನವೇ ಇಲ್ಲದೆ ಎರಡು ಬೀದಿ ಸರೋವರದ ಕಡೆಗೆ ಇಳಿಸಿದ. ಅಲ್ಲಿಂದ ಹುಡುಕುವ ಕಷ್ಟವಿರಲಿಲ್ಲ. ಮೇಲಕ್ಕೆ ತಿರುಗಿದರೆ ಬೀದಿಯ ಅರ್ಧಕ್ಕೆ ಒಂದು ಮನೆಯ ಮುಂದೆ ನಾಲ್ಕೈದು ಹೆಂಗಸರು ನಿಂತಿದ್ದರು. ಒಬ್ಬಳು ಒಳಗಿನಿಂದ ಪ್ಲಾಸ್ಟಿಕ್ ಕುರ್ಚಿಗಳನ್ನು ತಂದು ಅಂಗಳದಲ್ಲಿ ಒಂದರ ಪಕ್ಕ ಒಂದು ಇಡುತ್ತಿದ್ದಳು. ಗೇಟು ನೀಲಿ. ನೀಲಿ ಎಂದು ನೋಡಿದ ಕೂಡಲೇ ಆ ಸಾಲು ಪೂರ್ತಿಯಾಗಿ, ಒಂದಕ್ಷರ ತಪ್ಪದೆ ಎವೆನೋರನಿಗೆ ನೆನಪಾಯಿತು.

ತೊರೀಬಿಯೊ ಇಂಜಿನು ಆರಿಸಿ ಟೋಪಿ ತೆಗೆದ. ಇಬ್ಬರೂ ಇಳಿದರು. ಸಿಲಿಂಡರನ್ನು ಯಾರೂ ಮುಟ್ಟಲಿಲ್ಲ.

ಮೂವತ್ತರ ಆಸುಪಾಸಿನ ಒಬ್ಬಳು ಗೇಟಿನ ಹತ್ತಿರ ಬಂದಳು. ಅತ್ತಿರಲಿಲ್ಲ, ಅಳಲು ಇನ್ನೂ ಪುರುಸೊತ್ತಾಗದವಳ ಹಾಗಿದ್ದಳು. ಲಾರಿಯ ಮೇಲಿನ ಬರಹವನ್ನು ಓದಿ, "ಬಂದ್ರಾ," ಎಂದಳು. ಕೋಪವಿರಲಿಲ್ಲ. "ನಾನು ಮಾರ್ಬೆಲಿ, ಮಗಳು. ಅರ್ಧ ಗಂಟೆ ಆಯ್ತು ಅಮ್ಮ ಹೋಗಿ. ಬೆಳಿಗ್ಗೆಯಿಂದ ದೊಡ್ಡ ರಸ್ತೆಗೆ ಹೋಗಿ ಹೋಗಿ ನೋಡ್ತಿದ್ದೆ. ನಿನ್ನೆಯಿಂದ ಕರೆಂಟಿಲ್ಲ, ಫೋನಿಗೆ ಚಾರ್ಜಿಲ್ಲ. ಟ್ಯಾಕ್ಸಿ ಒಂದೂ ಇಲ್ಲ. ಆಸ್ಪತ್ರೆಗೆ ಹೇಗಾದ್ರೂ ಎತ್ಕೊಂಡು ಹೋಗೋಣ ಅಂದ್ರೆ ಅಮ್ಮ ಬೇಡ ಅಂದ್ಳು. ಅವ್ರು ಬರ್ತಾರೆ, ಮನೆ ಎಲ್ಲಿ ಅಂತ ಬರ್ಕೊಂಡಿದಾರಲ್ಲ ಅಂದ್ಳು."

ತೊರೀಬಿಯೊ ಅವಳ ತಲೆಯ ಮೇಲೆ ಕೈಯಿಟ್ಟು, "ದೇವರು ಅವರನ್ನ ತನ್ನ ಹತ್ರ ಚೆನ್ನಾಗಿಟ್ಟಿರಲಿ ಮಗಳೇ," ಎಂದ.

"ತಪ್ಪು ನಂದೇ," ಎಂದಳು ಅವಳು. "ನಾನು ಎಸ್ತೆಲೀಲಿರೋಳು, ಹೊಗೆಸೊಪ್ಪಿನ ಕಾರ್ಖಾನೇಲಿ ಕೆಲ್ಸ. ನಮ್ಮ ಕಡೆ ಉತ್ತರ ದಕ್ಷಿಣ ಅಂತೀವಿ. ಇಲ್ಲಿಯ ಮೇಲೆ ಕೆಳಗೆ ನನಗೆ ಇನ್ನೂ ಹತ್ತಿಲ್ಲ. ಶನಿವಾರ ಕೌಂಟರಿನಲ್ಲಿ ಅಮ್ಮಂಗೆ ಉಸಿರಾಡೋಕೇ ಆಗ್ತಿರ್ಲಿಲ್ಲ, ನಾನೇ ಹೇಳ್ದೆ. ಗಡಿಬಿಡೀಲಿ ಕೆಳಕ್ಕೆ ಅಂದುಬಿಟ್ಟೆ, ಅಲ್ವಾ? ನೀವು ಆ ಕಡೆಯೆಲ್ಲ ಹುಡುಕಿ ಬಂದ್ರಿ, ಅಲ್ವಾ?"

"ಇಲ್ಲ," ಎಂದ ಎವೆನೋರ್. "ನೀವು ಸರಿಯಾಗೇ ಹೇಳಿದ್ರಿ. ಮೇಲಕ್ಕೆ ಅಂತಾನೇ ಇತ್ತು. ನಾನು ನೋಡಿದೀನಿ. ನಾನು ಅದನ್ನ ಅಳಿಸಿಬಿಟ್ಟೆ."

"ಅಳಿಸೋದು ಅಂದ್ರೆ?"

"ಕಂಪ್ಯೂಟರಿನಲ್ಲಿ ಇತ್ತು. ಸೋಮವಾರ ಒಂದು ಹೆಸರು ಬದಲಾಯಿಸೋಕೆ ಹೋಗಿ... ಎಲ್ಲರದ್ದೂ ಹೋಯ್ತು. ಮಿಕ್ಕವರದ್ದು ಸಿಕ್ತು. ನಿಮ್ಮ ಅಮ್ಮಂದು ಸಿಗ್ಲಿಲ್ಲ. ನನ್ನಿಂದ ಆಯ್ತು. ಇವರದ್ದೂ ತಪ್ಪಿಲ್ಲ, ನಿಮ್ಮದೂ ಇಲ್ಲ."

ಹೇಳಿಬಿಟ್ಟಿದ್ದ. ನಿನ್ನೆಯಿಂದ ಎದೆಯ ಮೇಲೆ ಕೂತದ್ದು ಇಳಿಯುತ್ತದೆಂದು ಕಾದ. ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಬೈಯುತ್ತಾಳೆ, ಉಗುಳುತ್ತಾಳೆ, ಆ ಹೆಂಗಸರನ್ನೆಲ್ಲ ಕರೆಯುತ್ತಾಳೆ ಎಂದುಕೊಂಡ. ಹಾಗೆ ಮಾಡಲಿ ಎಂದು ಒಳಗೊಳಗೇ ಆಸೆಪಟ್ಟ. ಅವಳು ಕೈ ಚಾಚಿ ಅವನ ಬೆವೆತ ತೋಳನ್ನು ಮುಟ್ಟಿದಳು.

"ನೀವು ಒಳ್ಳೆಯವ್ರು," ಎಂದಳು. "ನನ್ನ ಸಮಾಧಾನಕ್ಕೆ ಹಾಗೆಲ್ಲ ಹೇಳ್ಬೇಡಿ. ಮನೆ ಎಲ್ಲಿ ಅಂತ ಬರ್ಕೊಂಡಿದ್ದನ್ನ ಯಾರಾದ್ರೂ ಅಳಿಸ್ತಾರಾ?"

"ನಿಜ ಹೇಳ್ತಿದಾರೆ ಮಗಳೇ," ಎಂದ ತೊರೀಬಿಯೊ, ಮೆಲ್ಲಗೆ.

ಅವಳು ಇಬ್ಬರಿಗೂ ಇಲ್ಲ ಎಂದು ತಲೆಯಾಡಿಸಿದಳು, ಮಕ್ಕಳ ಸುಳ್ಳನ್ನು ಕ್ಷಮಿಸುವವಳ ಹಾಗೆ. ಎವೆನೋರ್ ಮತ್ತೊಮ್ಮೆ, "ನಾನೇ," ಎಂದ. ಹೇಳುವ ಪದಗಳೆಲ್ಲ ಕಚೇರಿಯಲ್ಲಿ ಉಳಿದಿದ್ದವು, ಇದ್ದರೂ ಇವಳಿಗೆ ಅವು ನೆಪದ ಹಾಗೆ ಕೇಳಿಸುತ್ತಿದ್ದವು. ಒಳಗಿನಿಂದ ಯಾರೋ ಅವಳನ್ನು ಕರೆದರು.

"ಖಾಲಿ ಸಿಲಿಂಡರು ಒಳಗಿದೆ," ಎಂದಳು. "ಅಮ್ಮಂಗೆ ಸ್ನಾನ ಮಾಡಿಸ್ತಿದಾರೆ, ಈಗ ಒಳಗೆ ಬರೋಕಾಗಲ್ಲ. ಸೋಮವಾರ ಬಂದು ತಗೊಂಡ್ಹೋಗಿ, ಬೇರೆ ಯಾರಿಗಾದ್ರೂ ಬೇಕಾಗುತ್ತೆ. ಪೆನ್ನಿದೆಯಾ? ಬರ್ಕೊಳ್ಳಿ. ಈ ಸಲ ಸರಿಯಾಗಿ ಹೇಳ್ತೀನಿ."

ಎವೆನೋರ್ ಹಾಳೆಯನ್ನು ಲಾರಿಯ ಬಾಗಿಲಿಗೆ ಆನಿಸಿ ಹಿಡಿದ. ಬಿಸಿಲಿಗೆ ಕಬ್ಬಿಣ ಕಾದು ಅಂಗೈ ಸುಡುತ್ತಿತ್ತು. ಅವನ ಕೈ ಅಕ್ಷರ ಮುಗಿಸುವವರೆಗೆ ಕಾಯುತ್ತ, ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ ಅವಳು ಹೇಳತೊಡಗಿದಳು. ಹಾಸಿಗೆ ಕಾರ್ಖಾನೆ ಇದ್ದಲ್ಲಿಂದ. ಎರಡು ಬೀದಿ ಸರೋವರದ ಕಡೆಗೆ. ಅರ್ಧ ಬೀದಿ. ಇಲ್ಲಿ ನಿಂತಳು. ಕುರ್ಚಿ ಹಾಕುತ್ತಿದ್ದ ನೆರೆಮನೆಯವಳ ಕಡೆ ತಿರುಗಿ, "ಮೇಲಕ್ಕೆ, ಅಲ್ವಾ?" ಎಂದು ಕೇಳಿದಳು. ಆಕೆ ಹೌದೆಂದು ತಲೆಯಾಡಿಸಿದ ಮೇಲೆ, "ಮೇಲಕ್ಕೆ. ನೀಲಿ ಗೇಟು," ಎಂದಳು.

"ಬರ್ಕೊಂಡ್ರಾ? ಒಂದ್ಸಲ ಓದಿ ಹೇಳಿ, ಸರಿ ಇದೆಯಾ ನೋಡೋಣ."

ಎವೆನೋರ್ ಓದತೊಡಗಿದ.